ಕುಕನೂರು–ಯಲಬುರ್ಗಾ ಭಾಗದ ಗಾಳಿಯಂತ್ರಗಳು: ಕಂಟ್ರೋಲ್ ಬದಲಿಸಿದರೆ ಉತ್ಪಾದನೆ ನಿಜವಾಗಿ ಎಷ್ಟು ಹೆಚ್ಚುತ್ತದೆ?

ಎರೆಸೀಮೆ, ಕುಕನೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಕುಕನೂರು ಮತ್ತು ಯಲಬುರ್ಗಾ ನಡುವಿನ ಎರೆಭೂಮಿಯಲ್ಲಿರುವ ಒಂದು ಪವನ ವಿದ್ಯುತ್ ಘಟಕದ ನಿರ್ವಹಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿರುವವು ತಲಾ 2 ಮೆಗಾವ್ಯಾಟ್ ಸಾಮರ್ಥ್ಯದ, 110 ಮೀಟರ್ ವ್ಯಾಸದ ರೋಟರ್ (ತಿರುಗುವ ರೆಕ್ಕೆಚಕ್ರ) ಇರುವ, ಗಾಳಿಗೆ ತಕ್ಕಂತೆ ತಿರುಗುವ ವೇಗವನ್ನು ಬದಲಿಸಿಕೊಳ್ಳುವ ಯಂತ್ರಗಳು. ಆಷಾಢದ ಗಾಳಿಯಲ್ಲಿ ಇವು ಪೂರ್ಣ ಸಾಮರ್ಥ್ಯಕ್ಕೆ ಏರಿ ನಿಲ್ಲುತ್ತವೆ. ಆ ದಿನಗಳ ಬಗ್ಗೆ ನಮಗೆ ಚಿಂತೆಯಿಲ್ಲ. ಚಿಂತೆಯಿರುವುದು ದಸರೆ ಕಳೆದ ಮೇಲಿನ ತಿಂಗಳುಗಳ ಬಗ್ಗೆ. ಗಾಳಿ ಸೆಕೆಂಡಿಗೆ 5ರಿಂದ 8 ಮೀಟರ್ ವೇಗದಲ್ಲಿ ಬೀಸುವಾಗ, ಸ್ಕಾಡಾದಲ್ಲಿ (ಯಂತ್ರಗಳ ಮೇಲೆ ಕಂಪ್ಯೂಟರಿನಿಂದ ನಿಗಾ ಇಡುವ ವ್ಯವಸ್ಥೆಯಲ್ಲಿ) ದಾಖಲಾಗುವ 10 ನಿಮಿಷಗಳ ಸರಾಸರಿ ಉತ್ಪಾದನೆಯು ತಯಾರಕರು ಕೊಟ್ಟಿರುವ, ಯಾವ ಗಾಳಿಗೆ ಎಷ್ಟು ಉತ್ಪಾದನೆ ಎಂದು ತೋರಿಸುವ ಪವರ್ ಕರ್ವ್‌ಗಿಂತ ಕೆಳಗೇ ಉಳಿಯುತ್ತದೆ. ಒಂದೇ ಸಾಲಿನಲ್ಲಿ ನಿಂತ, ಒಂದೇ ಮಾದರಿಯ ಯಂತ್ರಗಳ ನಡುವೆಯೂ ವ್ಯತ್ಯಾಸ ಕಾಣುತ್ತದೆ.

ಇತ್ತೀಚೆಗೆ ಒಂದು ಸಂಸ್ಥೆಯವರು ಬಂದು, ಕಂಟ್ರೋಲರ್‌ನ ಸಾಫ್ಟ್‌ವೇರ್ ಬದಲಿಸಿದರೆ ವಾರ್ಷಿಕ ಉತ್ಪಾದನೆ ಗಣನೀಯವಾಗಿ ಹೆಚ್ಚುತ್ತದೆ ಎಂದು ವಿವರಿಸಿ ಹೋದರು. ಅವರ ಮಾತಿನಲ್ಲಿ ಟಾರ್ಕ್ (ತಿರುಚುಬಲ) ಗುಣಾಂಕವನ್ನು ಯಂತ್ರವೇ ಕಲಿತು ಹೊಂದಿಸಿಕೊಳ್ಳುವುದು, ಲೇಸರ್ ಮೂಲಕ ಗಾಳಿಯನ್ನು ಮುಂದಾಗಿಯೇ ಅಳೆಯುವುದು, ಮುಂದಿನ ಯಂತ್ರವನ್ನು ಓರೆಯಾಗಿ ನಿಲ್ಲಿಸಿ ಹಿಂದಿನ ಯಂತ್ರಕ್ಕೆ ಗಾಳಿ ಬಿಟ್ಟುಕೊಡುವುದು, ಹೀಗೆ ಹಲವು ವಿಧಾನಗಳು ಬಂದವು. ಹಣ ಹಾಕುವ ನಿರ್ಧಾರ ನನ್ನದಲ್ಲ, ಆದರೆ ಮೇಲಿನವರು ನನ್ನ ಅಭಿಪ್ರಾಯವನ್ನು ಕೇಳಿದ್ದಾರೆ. ಇವುಗಳಲ್ಲಿ ಯಾವ ವಿಧಾನ ಯಾವ ಗಾಳಿಯಲ್ಲಿ ಕೆಲಸ ಮಾಡುತ್ತದೆ, ನಮ್ಮ ಭಾಗದ ಬಯಲಿಗೆ ಯಾವುದು ಒಗ್ಗುತ್ತದೆ, ಹೆಚ್ಚಾಯಿತು ಎಂದು ಅವರು ಹೇಳಿದಾಗ ಅದನ್ನು ನಾವು ಪರೀಕ್ಷಿಸಿ ಒಪ್ಪುವುದು ಹೇಗೆ ಎಂಬುದನ್ನು ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ. ನಾನು ಓದಿರುವುದು ಎಲೆಕ್ಟ್ರಿಕಲ್ ಡಿಪ್ಲೊಮಾ. ಸೂತ್ರಗಳಿದ್ದರೂ ನಿಧಾನವಾಗಿ ಓದಿಕೊಳ್ಳುತ್ತೇನೆ.

ನಿಯಂತ್ರಣ ಪಾಠ, ಬಳ್ಳಾರಿ

ಎರೆಸೀಮೆಯವರೇ, ನಿಮ್ಮ ಪ್ರಶ್ನೆ ಬಹಳ ಸರಿಯಾದ ಜಾಗಕ್ಕೇ ಕೈ ಹಾಕಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಪಾಠ ಮಾಡುವವನಾಗಿ ಮೊದಲು ತಳಹದಿಯನ್ನು ಹೇಳಿ, ಆಮೇಲೆ ಟಾರ್ಕ್ ಗುಣಾಂಕದ ವಿಚಾರಕ್ಕೆ ಬರುತ್ತೇನೆ.

ರೋಟರಿಗೆ ಸಿಗುವ ಶಕ್ತಿಯು ಗಾಳಿಯ ಸಾಂದ್ರತೆ, ರೆಕ್ಕೆಗಳು ಗುಡಿಸುವ ವಿಸ್ತೀರ್ಣ ಮತ್ತು ಗಾಳಿವೇಗದ ಘನ, ಈ ಮೂರರ ಗುಣಲಬ್ಧದ ಅರ್ಧವನ್ನು ಒಂದು ಗುಣಾಂಕದಿಂದ ಗುಣಿಸಿದಷ್ಟಿರುತ್ತದೆ. ಆ ಗುಣಾಂಕ ಎಂದಿಗೂ 16/27ನ್ನು, ಅಂದರೆ ಶೇ. 59.3ನ್ನು ದಾಟಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ಒಂದು ಶತಮಾನದ ಹಿಂದೆಯೇ ತೋರಿಸಿದ್ದಾರೆ. ಇಂದಿನ ಒಳ್ಳೆಯ ಯಂತ್ರಗಳು ಅನುಕೂಲಕರ ಗಾಳಿಯಲ್ಲಿ ಶೇ. 45ರ ಆಸುಪಾಸನ್ನು ಈಗಾಗಲೇ ಮುಟ್ಟುತ್ತವೆ. ಆದ್ದರಿಂದ ಆರೋಗ್ಯವಾಗಿರುವ ಯಂತ್ರದಿಂದ ಸಾಫ್ಟ್‌ವೇರ್ ಒಂದೇ ಶೇ. 10ರಷ್ಟು ಹೆಚ್ಚುವರಿ ಶಕ್ತಿಯನ್ನು ತೆಗೆಯುತ್ತದೆ ಎಂದು ಯಾರಾದರೂ ಹೇಳಿದರೆ, ಯಂತ್ರದಲ್ಲಿ ಬೇರೆ ಯಾವುದೋ ದೋಷ ಇದ್ದು ಅದನ್ನು ಇವರು ಸರಿಪಡಿಸುತ್ತಿದ್ದಾರೆ ಎಂದೇ ತಿಳಿಯಬೇಕು.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನೀವು ಕಂಡ ಕೊರತೆಯ ದೊಡ್ಡ ಭಾಗ ಇದರಲ್ಲಿಯೇ ಇರಬಹುದು. ತಯಾರಕರ ಪವರ್ ಕರ್ವ್ ಸಾಮಾನ್ಯವಾಗಿ ಘನಮೀಟರಿಗೆ 1.225 ಕಿಲೋಗ್ರಾಂ ಸಾಂದ್ರತೆಯ ಗಾಳಿಗೆ ಬರೆದದ್ದಾಗಿರುತ್ತದೆ. ಅದು ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಾಪಮಾನದಲ್ಲಿರುವ ಗಾಳಿ. ಕೊಪ್ಪಳದ ಬಯಲು ಸಮುದ್ರಮಟ್ಟದಿಂದ ಐದಾರು ನೂರು ಮೀಟರ್ ಎತ್ತರದಲ್ಲಿದೆ. ತಾಪಮಾನ 35 ಡಿಗ್ರಿ ಇರುವ ಹಗಲಿನಲ್ಲಿ ಇಲ್ಲಿನ ಸಾಂದ್ರತೆ ಸುಮಾರು 1.07ಕ್ಕೆ ಇಳಿಯುತ್ತದೆ. ನಿಮ್ಮ 110 ಮೀಟರ್ ರೋಟರಿಗೆ ಲೆಕ್ಕ ಹಾಕಿದರೆ, ಸೆಕೆಂಡಿಗೆ 7 ಮೀಟರ್ ಗಾಳಿಯಲ್ಲಿ, ಗುಣಾಂಕ 0.45 ಎಂದಿಟ್ಟುಕೊಂಡಾಗ, ಕರ್ವ್‌ನಲ್ಲಿ ಸುಮಾರು 900 ಕಿಲೋವ್ಯಾಟ್ ಇರುವ ಕಡೆ ನಮ್ಮ ಗಾಳಿ ಸುಮಾರು 785 ಕಿಲೋವ್ಯಾಟ್ ಮಾತ್ರ ಕೊಡುತ್ತದೆ. ಇದು ಯಾವ ಕಂಟ್ರೋಲರ್‌ನ ತಪ್ಪೂ ಅಲ್ಲ. ಪಿಚ್ (ರೆಕ್ಕೆಯನ್ನು ಅದರ ಉದ್ದದ ಅಕ್ಷದ ಸುತ್ತ ತಿರುಗಿಸಿದ ಕೋನ) ನಿಯಂತ್ರಣದ ಯಂತ್ರಗಳಿಗೆ ಅಂತರರಾಷ್ಟ್ರೀಯ ಮಾನದಂಡದಲ್ಲಿ ಹೇಳಿರುವಂತೆ, ಅಳೆದ ಗಾಳಿವೇಗವನ್ನು ಸಾಂದ್ರತೆಗಳ ಅನುಪಾತದ ಘನಮೂಲದಿಂದ ಗುಣಿಸಿ ತಿದ್ದಿಕೊಳ್ಳಬೇಕು. ನಮ್ಮ 7 ಮೀಟರ್ ಗಾಳಿ ಆಗ 6.7 ಮೀಟರ್ ಆಗುತ್ತದೆ. ಹೋಲಿಕೆಯನ್ನು ಇದಾದ ಮೇಲೆ ಮಾಡಿ ನೋಡಿ.

ಈಗ ಟಾರ್ಕ್ ನಿಯಂತ್ರಣ. ಯಂತ್ರದ ಕೆಲಸವನ್ನು ನಾವು ಮೂರು ವಲಯಗಳಾಗಿ ನೋಡುತ್ತೇವೆ. ಗಾಳಿ ಸಾಲದೆ ನಿಂತಿರುವುದು ಒಂದನೇ ವಲಯ. ಗಾಳಿಯಿದ್ದೂ ಪೂರ್ಣ ಸಾಮರ್ಥ್ಯಕ್ಕೆ ಇನ್ನೂ ಏರದಿರುವುದು ಎರಡನೇ ವಲಯ. ಹೆಚ್ಚಾದ ಗಾಳಿಯನ್ನು ರೆಕ್ಕೆ ತಿರುಗಿಸಿ ಹೊರಗೆ ಬಿಡುವುದು ಮೂರನೇ ವಲಯ. ಮೂರನೇ ವಲಯದಲ್ಲಿ ಪಿಚ್ ಕಂಟ್ರೋಲ್ ಎಷ್ಟೇ ಚೆನ್ನಾಗಿದ್ದರೂ 2 ಮೆಗಾವ್ಯಾಟಿನ ಯಂತ್ರ 2 ಮೆಗಾವ್ಯಾಟನ್ನೇ ಕೊಡುತ್ತದೆ; ಅಲ್ಲಿ ಜಾಣತನದ ಫಲ ಸಿಗುವುದು ಗೋಪುರ ಮತ್ತು ಗೇರ್‌ಬಾಕ್ಸ್‌ಗಳ ಆಯುಷ್ಯದಲ್ಲಿ. ನೀವು ಕೇಳುತ್ತಿರುವ ಹೆಚ್ಚುವರಿ ಯೂನಿಟ್‌ಗಳು ಇರುವುದು ಎರಡನೇ ವಲಯದಲ್ಲಿ.

ಈ ವಲಯದಲ್ಲಿ ಪಿಚ್ ಬಹುಮಟ್ಟಿಗೆ ಒಂದೇ ಕಡೆ ನಿಂತಿರುತ್ತದೆ, ರೋಟರಿನ ವೇಗವನ್ನು ಜನರೇಟರಿನ ಟಾರ್ಕ್ ಆಳುತ್ತದೆ. ರೆಕ್ಕೆಯ ತುದಿಯ ವೇಗಕ್ಕೂ ಗಾಳಿಯ ವೇಗಕ್ಕೂ ಇರುವ ಅನುಪಾತ ಒಂದು ನಿರ್ದಿಷ್ಟ ಬೆಲೆಯಲ್ಲಿದ್ದಾಗ, ಮೂರು ರೆಕ್ಕೆಯ ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ 7ರಿಂದ 9ರ ನಡುವೆ, ಶಕ್ತಿಯ ಗುಣಾಂಕ ಶಿಖರದಲ್ಲಿರುತ್ತದೆ. ಈ ಅನುಪಾತ 8 ಎಂದಾದರೆ, ನಿಮ್ಮ ರೋಟರ್ 7 ಮೀಟರ್ ಗಾಳಿಯಲ್ಲಿ ನಿಮಿಷಕ್ಕೆ ಹತ್ತು ಸುತ್ತಿಗಿಂತ ಸ್ವಲ್ಪ ಕಡಿಮೆ ತಿರುಗಬೇಕು. ಅದನ್ನು ಸಾಧಿಸುವ ರೂಢಿಯ ಕ್ರಮ ಬಹಳ ಸರಳವಾದದ್ದು: ಜನರೇಟರಿನ ಟಾರ್ಕನ್ನು ತಿರುಗುವ ವೇಗದ ವರ್ಗವನ್ನು ಒಂದು ಸ್ಥಿರಾಂಕದಿಂದ ಗುಣಿಸಿದಾಗ ಬರುವಷ್ಟಕ್ಕೆ ಇಡುವುದು. ನಿಮ್ಮ ಸಂಸ್ಥೆಯವರು ಟಾರ್ಕ್ ಗುಣಾಂಕ ಎಂದ ಈ ಸ್ಥಿರಾಂಕವನ್ನು ‘ಕೆ’ ಎನ್ನೋಣ. ಇದಕ್ಕೆ ಗಾಳಿವೇಗವನ್ನು ಅಳೆಯುವ ಅಗತ್ಯವೇ ಇಲ್ಲ. ರೋಟರ್ ಬೇಕಾದದ್ದಕ್ಕಿಂತ ನಿಧಾನವಾಗಿದ್ದರೆ ಗಾಳಿಯ ಟಾರ್ಕ್ ಗೆದ್ದು ವೇಗ ಏರುತ್ತದೆ, ವೇಗ ಹೆಚ್ಚಾಗಿದ್ದರೆ ಜನರೇಟರ್ ಅದನ್ನು ಎಳೆದು ಇಳಿಸುತ್ತದೆ. ಎರಡೂ ಸಮವಾಗುವ ಬಿಂದು ಶಿಖರವೇ ಆಗುವಂತೆ ಕೆ ಬೆಲೆಯನ್ನು ಆರಿಸಿರುತ್ತಾರೆ. ನನ್ನ ಮಟ್ಟಿಗೆ ಇಡೀ ಗಾಳಿಯಂತ್ರ ಶಾಸ್ತ್ರದಲ್ಲಿ ಇದಕ್ಕಿಂತ ಚೆಲುವಾದ ಯುಕ್ತಿ ಇನ್ನೊಂದಿಲ್ಲ.

ತೊಂದರೆ ಎರಡು ಕಡೆಯಿಂದ ಬರುತ್ತದೆ. ಒಂದು, ಕೆ ಬೆಲೆಯಲ್ಲಿ ಗಾಳಿಯ ಸಾಂದ್ರತೆಯೂ ರೆಕ್ಕೆಯ ಸ್ಥಿತಿಯೂ ಅಡಗಿವೆ. ಕೊಪ್ಪಳದಲ್ಲಿ ಡಿಸೆಂಬರ್ ಬೆಳಗಿನ ಜಾವಕ್ಕೂ ಮೇ ಮಧ್ಯಾಹ್ನಕ್ಕೂ ಸಾಂದ್ರತೆಯಲ್ಲಿ ಶೇ. 7ರಷ್ಟು ಅಂತರ ಇರುವುದು ಸಹಜ. ರೆಕ್ಕೆಯ ಮುಂಚೂಣಿಯಲ್ಲಿ ಧೂಳು, ಕೀಟ ಅಂಟಿದರೆ ಅಥವಾ ಅದು ಸವೆದರೆ ಶಿಖರವೇ ಜಾಗ ಬದಲಿಸುತ್ತದೆ. ಕಾರ್ಖಾನೆಯಲ್ಲಿ ಬರೆದ ಒಂದೇ ಸ್ಥಿರಾಂಕ ಇವೆಲ್ಲಕ್ಕೂ ಸರಿಹೊಂದುವುದಿಲ್ಲ. ಎರಡು, ರೋಟರ್ ಭಾರಿ ಜಡತ್ವದ್ದು. ಗಾಳಿ ಜೋರಾಗಿ ಬೀಸಿದ ಕೂಡಲೇ ಅದು ವೇಗವನ್ನು ಏರಿಸಿಕೊಳ್ಳಲಾರದು, ಏರಿಸಿಕೊಳ್ಳುವಷ್ಟರಲ್ಲಿ ಬೀಸು ಕಳೆದಿರುತ್ತದೆ. ಶಕ್ತಿ ಗಾಳಿವೇಗದ ಘನದಂತೆ ಏರುವುದರಿಂದ ಆ ಬೀಸಿನಲ್ಲಿಯೇ ಹೆಚ್ಚಿನ ಹುರುಳಿರುತ್ತದೆ. ಗಾಳಿ ಬಂದಾಗ ತೂರಿಕೋ ಎಂದು ನಮ್ಮ ಹಿರಿಯರು ಕಣದಲ್ಲಿ ಹೇಳಿದ ಮಾತು ರೋಟರಿಗೂ ಅನ್ವಯಿಸುತ್ತದೆ.

ಅಮೆರಿಕದ ಕೊಲೊರಾಡೊ ರಾಜ್ಯದ ಬೋಲ್ಡರ್ ಬಳಿ ಇರುವ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ಪರೀಕ್ಷಾ ಕೇಂದ್ರದಲ್ಲಿ, 600 ಕಿಲೋವ್ಯಾಟಿನ ಎರಡು ರೆಕ್ಕೆಯ ಪ್ರಯೋಗ ಯಂತ್ರದ ಮೇಲೆ ಈ ಎರಡೂ ತೊಂದರೆಗಳನ್ನು ಸಂಶೋಧಕರು ವಿವರವಾಗಿ ಅಭ್ಯಾಸ ಮಾಡಿದ್ದಾರೆ. ತುದಿವೇಗದ ಅನುಪಾತ ಶಿಖರದಿಂದ ಶೇ. 5ರಷ್ಟು ತಪ್ಪಿದರೆ ಎರಡನೇ ವಲಯದ ಶಕ್ತಿಯಲ್ಲಿ ಶೇ. 1ರಿಂದ 3ರಷ್ಟು ನಷ್ಟವಾಗಬಹುದು ಎಂಬ ಅಂದಾಜು ಆ ಕೆಲಸದ ಸುತ್ತಲೇ ಬಂದದ್ದು. ಅಲ್ಲಿ ಕಂಡುಬಂದ ಇನ್ನೊಂದು ಸಂಗತಿ ಮೊದಲ ಓದಿಗೆ ಆಶ್ಚರ್ಯ ತರುತ್ತದೆ: ಲೆಕ್ಕದಿಂದ ಬರುವ ಕೆ ಬೆಲೆಗಿಂತ ಸ್ವಲ್ಪ ಕಡಿಮೆ ಇಟ್ಟರೆ ಏರಿಳಿತದ ಗಾಳಿಯಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ. ಜನರೇಟರ್ ಕಡಿಮೆ ಎಳೆಯುವುದರಿಂದ ಬೀಸು ಬಂದಾಗ ರೋಟರ್ ಬೇಗ ವೇಗ ಪಡೆಯುತ್ತದೆ. ಅಲ್ಲದೆ ಗುಣಾಂಕದ ಗೆರೆ ಶಿಖರದ ಎರಡೂ ಕಡೆ ಒಂದೇ ಇಳಿಜಾರಿನದಲ್ಲ. ಕಡಿಮೆ ಅನುಪಾತದ ಕಡೆ ರೆಕ್ಕೆ ಸ್ಟಾಲ್ ಆಗುವುದರಿಂದ (ಗಾಳಿ ರೆಕ್ಕೆಯ ಮೈಯನ್ನು ಬಿಟ್ಟುಹೋಗಿ ಎತ್ತುವ ಬಲ ಕುಸಿಯುವುದರಿಂದ) ಗೆರೆ ಕಡಿದಾಗಿ ಬೀಳುತ್ತದೆ, ಹೆಚ್ಚಿನ ಅನುಪಾತದ ಕಡೆ ನಿಧಾನವಾಗಿ ಇಳಿಯುತ್ತದೆ. ತಪ್ಪುವುದೇ ಆದರೆ ವೇಗ ಹೆಚ್ಚಿರುವ ಕಡೆ ತಪ್ಪುವುದು ಕ್ಷೇಮ.

ನಿಮ್ಮ ಸಂಸ್ಥೆಯವರು ಹೇಳಿದ ‘ಯಂತ್ರವೇ ಕಲಿಯುವುದು’ ಇದರ ಮುಂದುವರಿಕೆ. ಕೆ ಬೆಲೆಯನ್ನು ಒಂದು ಹೆಜ್ಜೆ ಬದಲಿಸಿ, ಹಲವು ಗಂಟೆಗಳ ಕಾಲ ಓಡಿಸಿ, ಗಾಳಿಯಲ್ಲಿದ್ದ ಶಕ್ತಿಗೂ ಹಿಡಿದ ಶಕ್ತಿಗೂ ಇರುವ ಅನುಪಾತವನ್ನು ನೋಡಿ, ಅದು ಏರಿದ್ದರೆ ಅದೇ ದಿಕ್ಕಿನಲ್ಲಿ ಇನ್ನೊಂದು ಹೆಜ್ಜೆ, ಇಳಿದಿದ್ದರೆ ಹಿಂದಕ್ಕೆ. ವಿಧಾನ ಒಳ್ಳೆಯದೇ. ಆದರೆ ನಿಮ್ಮ ಯಂತ್ರದ ಕೆ ಈಗಾಗಲೇ ತಾಪಮಾನ ಮತ್ತು ಒತ್ತಡಕ್ಕೆ ತಕ್ಕಂತೆ ಬದಲಾಗುತ್ತಿದೆಯೇ ಎಂದು ಮೊದಲು ಕೇಳಿ; ಆಗುತ್ತಿದ್ದರೆ ಕಲಿಕೆಯಿಂದ ಉಳಿಯುವ ಲಾಭ ಚಿಕ್ಕದು.

ನಸೆಲ್ ನೋಟ, ಕುಷ್ಟಗಿ

ಬಳ್ಳಾರಿಯ ಗುರುಗಳು ಹೇಳಿದ ತಳಹದಿಗೆ ನಾನು ಸೇರಿಸುವುದೇನೂ ಇಲ್ಲ. ಆದರೆ ಗೋಪುರ ಹತ್ತಿ ಕೆಲಸ ಮಾಡುವವನ ದೃಷ್ಟಿಯಿಂದ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ: ಕೆ ಬೆಲೆಯನ್ನು ಮುಟ್ಟುವ ಮೊದಲು ಯಂತ್ರದ ಮುಖ ಗಾಳಿಗೆ ನೇರವಾಗಿದೆಯೇ ಎಂದು ನೋಡಿ. ಒಂದೇ ಸಾಲಿನ ಯಂತ್ರಗಳ ನಡುವೆ ವ್ಯತ್ಯಾಸವಿದೆ ಎಂದು ನೀವು ಬರೆದಿದ್ದೀರಿ. ಸಾಂದ್ರತೆ ಎಲ್ಲಕ್ಕೂ ಒಂದೇ ಆಗಿರುವುದರಿಂದ ಆ ವ್ಯತ್ಯಾಸಕ್ಕೆ ಕಾರಣ ಯಂತ್ರದೊಳಗೇ ಇರಬೇಕು, ಅಥವಾ ಮುಂದಿನ ಯಂತ್ರವು ಗಾಳಿಯನ್ನು ಕುಂದಿಸಿ ಹಿಂದೆ ಬಿಡುವ ‘ನೆರಳಿನಲ್ಲಿ’ ಇರಬೇಕು.

ನಸೆಲನ್ನು (ಗೋಪುರದ ತುದಿಯ ಯಂತ್ರಕೋಣೆಯನ್ನು) ಗಾಳಿಯತ್ತ ತಿರುಗಿಸುವ ‘ಯಾ’ (yaw) ವ್ಯವಸ್ಥೆಯು ನಸೆಲಿನ ಹಿಂತುದಿಯ ಮೇಲೆ ಕೂತು ಗಾಳಿಯ ದಿಕ್ಕನ್ನು ತೋರಿಸುವ ವಿಂಡ್ ವೇನ್‌ನ ಮಾತನ್ನು ನಂಬಿ ನಡೆಯುತ್ತದೆ. ಆ ವೇನ್ ಇರುವುದು ರೋಟರಿನ ಹಿಂದೆ, ರೆಕ್ಕೆಗಳು ಕಡೆದು ಬಿಟ್ಟ ಸುತ್ತುಗಾಳಿಯಲ್ಲಿ. ಅದನ್ನು ಕೂರಿಸುವಾಗ ಕೆಲವು ಡಿಗ್ರಿ ತಪ್ಪಿದರೂ, ಬೋಲ್ಟ್ ಬಿಗಿ ಮಾಡುವಾಗ ಅದು ಸ್ವಲ್ಪ ಹೊರಳಿದರೂ, ಯಂತ್ರ ತನ್ನ ಆಯುಷ್ಯವಿಡೀ ಅಷ್ಟೇ ಡಿಗ್ರಿ ಓರೆಯಾಗಿ ನಿಂತು, ಕಂಟ್ರೋಲರ್‌ನ ಪರದೆಯ ಮೇಲೆ ಮಾತ್ರ ಸೊನ್ನೆಯನ್ನೇ ತೋರಿಸುತ್ತಿರುತ್ತದೆ. ಓರೆಯಿಂದಾಗುವ ನಷ್ಟವು ಕೊಸೈನಿನ ಘನದಂತೆ ಎಂದು ಪುಸ್ತಕಗಳಲ್ಲಿದೆ, ಹೊಲದಲ್ಲಿ ಅಳೆದಾಗ ಹಲವು ಕಡೆ ವರ್ಗಕ್ಕೆ ಹತ್ತಿರ ಬರುತ್ತದೆ. ಹಾಗೆ ನೋಡಿದರೆ 6 ಡಿಗ್ರಿ ಓರೆಗೆ ಶೇ. 1.1ರಿಂದ 1.6, 10 ಡಿಗ್ರಿಗೆ ಶೇ. 3ರಿಂದ 4.5ರಷ್ಟು ಶಕ್ತಿ ಹೋಗುತ್ತದೆ. ಎರಡನೇ ವಲಯದ ಪ್ರತಿ ಗಂಟೆಯೂ ಹೋಗುತ್ತದೆ ಎಂಬುದನ್ನು ಗಮನಿಸಿ.

ಇದನ್ನು ನಿಮ್ಮ ಬಳಿ ಇರುವ ದಾಖಲೆಯಿಂದಲೇ ಶಂಕಿಸಬಹುದು. ಒಂದು ಯಂತ್ರದ ಹಲವು ತಿಂಗಳ ದಾಖಲೆಯನ್ನು ತೆಗೆದುಕೊಂಡು, ಗಾಳಿ 6.5ರಿಂದ 7 ಮೀಟರ್ ಇದ್ದ ಸಾಲುಗಳನ್ನು ಮಾತ್ರ ಬೇರ್ಪಡಿಸಿ. ವೇನ್ ತೋರಿಸಿದ ಕೋನವನ್ನು ಅಡ್ಡಕ್ಕೂ ಉತ್ಪಾದನೆಯನ್ನು ಉದ್ದಕ್ಕೂ ಇಟ್ಟು ಚಿತ್ರ ಬರೆಯಿರಿ. ಕಮಾನಿನಂಥ ಆಕೃತಿ ಮೂಡುತ್ತದೆ. ಅದರ ನೆತ್ತಿ ಸೊನ್ನೆಯ ಮೇಲಿದ್ದರೆ ವೇನ್ ಬಹುಶಃ ಸರಿಯಿದೆ; ನೆತ್ತಿ 5 ಅಥವಾ 6 ಡಿಗ್ರಿಯ ಆಚೆ ಇದ್ದರೆ ಅಲ್ಲಿ ಹುಡುಕಬೇಕು. 10 ನಿಮಿಷದ ಸರಾಸರಿಯಲ್ಲಿ ಕೋನ ಸೊನ್ನೆಯ ಸುತ್ತ ಮುದ್ದೆಯಾಗಿ ಬರುವುದರಿಂದ, ಒಂದು ನಿಮಿಷದ ದಾಖಲೆ ಸಿಕ್ಕರೆ ಇನ್ನೂ ಒಳ್ಳೆಯದು. ಕೊನೆಯ ಖಾತರಿಗೆ ನಸೆಲಿನ ಮೇಲೆ ಲೈಡಾರ್ ಅನ್ನು (ಲೇಸರಿನಿಂದ ಗಾಳಿಯನ್ನು ಅಳೆಯುವ ಉಪಕರಣವನ್ನು) ತಾತ್ಕಾಲಿಕವಾಗಿ ಕೂರಿಸಿ, ರೋಟರಿನ ಮುಂದಿನ ಕದಡದ ಗಾಳಿಯ ದಿಕ್ಕನ್ನು ಅಳೆಯಬಹುದು. ಲೈಡಾರನ್ನು ಪ್ರತಿ ಯಂತ್ರಕ್ಕೂ ಶಾಶ್ವತವಾಗಿ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಒಂದನ್ನೇ ಯಂತ್ರದಿಂದ ಯಂತ್ರಕ್ಕೆ ಒಯ್ದು ಓರೆಯನ್ನು ತಿದ್ದಿದರೆ ಅದರ ಕೆಲಸ ಮುಗಿಯುತ್ತದೆ.

ಎರಡನೆಯದು ಪಿಚ್‌ನ ಸೊನ್ನೆ. ರೆಕ್ಕೆಯ ಬುಡದಲ್ಲಿ ತಯಾರಕರು ಎಳೆದ ಗುರುತುಗೆರೆಯೂ ಹಬ್‌ನ ಮೇಲಿನ ಗುರುತೂ ಒಂದಕ್ಕೊಂದು ಕೂಡಬೇಕು (ಹಬ್ ಎಂದರೆ ಮೂರೂ ರೆಕ್ಕೆಗಳು ಸೇರುವ ನಡುಭಾಗ). ಬೇರಿಂಗ್ ಅಥವಾ ಎನ್‌ಕೋಡರ್ ಬದಲಿಸಿದ ಮೇಲೆ ಇದನ್ನು ಮತ್ತೆ ನೋಡದೆ ಮುಚ್ಚಿದ ಯಂತ್ರಗಳಿವೆ. ಒಂದು ರೆಕ್ಕೆ ಒಂದೆರಡು ಡಿಗ್ರಿ ಬೇರೆಯಾಗಿ ಕೂತರೆ ಉತ್ಪಾದನೆ ಇಳಿಯುವುದರ ಜೊತೆಗೆ ಪ್ರತಿ ಸುತ್ತಿಗೊಮ್ಮೆ ಒಂದು ಅಲುಗಾಟ ಬರುತ್ತದೆ. ಕಂಪನದ ದಾಖಲೆಯಲ್ಲಿ ಅದು ತಿರುಗುವ ವೇಗದ ಆವರ್ತನದಲ್ಲಿಯೇ ಎದ್ದು ಕಾಣುತ್ತದೆ. ಯಾವ ಹೊಸ ಸಾಫ್ಟ್‌ವೇರೂ ಇದನ್ನು ತಾನಾಗಿ ಸರಿಮಾಡದು, ಏಕೆಂದರೆ ಮೂರು ರೆಕ್ಕೆಗಳೂ ಸೊನ್ನೆಯಲ್ಲಿವೆ ಎಂದೇ ಅದಕ್ಕೆ ವರದಿ ಬರುತ್ತಿರುತ್ತದೆ.

ನಮ್ಮ ಕಡೆ ಚೈತ್ರ–ವೈಶಾಖದ ಧೂಳಿನ ಬಗ್ಗೆ ಗುರುಗಳು ಹೇಳಿದ್ದಾರೆ. ಮುಂಗಾರಿನ ಮೊದಲ ಜೋರು ಮಳೆಗಳು ರೆಕ್ಕೆಯನ್ನು ಬಹುಮಟ್ಟಿಗೆ ತೊಳೆಯುತ್ತವೆ, ಆದರೆ ಮುಂಚೂಣಿಯ ಬಣ್ಣ ಕಿತ್ತು ಒರಟಾಗಿದ್ದರೆ ಅದು ತೊಳೆಯುವುದರಿಂದ ಹೋಗುವುದಿಲ್ಲ. ಡ್ರೋನ್ ಚಿತ್ರಗಳಲ್ಲಿ ತುದಿಯ ಕಡೆಯ ಮೂರನೇ ಒಂದು ಭಾಗವನ್ನು ಹತ್ತಿರದಿಂದ ನೋಡಿ. ಶಕ್ತಿಯ ಹೆಚ್ಚಿನ ಪಾಲು ಹುಟ್ಟುವುದು ಅಲ್ಲಿ, ಸವೆತ ಮೊದಲು ಬರುವುದೂ ಅಲ್ಲಿಯೇ.

ಎರೆಸೀಮೆ, ಕುಕನೂರು

ಇಬ್ಬರಿಗೂ ಮನಸಾರೆ ಧನ್ಯವಾದಗಳು. ಸಾಂದ್ರತೆಗೆ ತಿದ್ದಿಕೊಂಡು ಮತ್ತೆ ಚಿತ್ರ ಬರೆದಾಗ, ಕರ್ವ್‌ನಿಂದ ಕೆಳಗಿದ್ದ ಯಂತ್ರಗಳಲ್ಲಿ ಬಹುಪಾಲು ಕರ್ವ್‌ಗೆ ಅಂಟಿಕೊಂಡು ಬಂದವು. ಉಳಿದವುಗಳಲ್ಲಿ ಒಂದರ ಕಮಾನಿನ ನೆತ್ತಿ ಬಲಕ್ಕೆ ಸ್ಪಷ್ಟವಾಗಿ ಸರಿದಿದೆ. ಅದರ ವೇನನ್ನು ಪರೀಕ್ಷಿಸಲು ಗೋಪುರ ಹತ್ತುವ ಅನುಮತಿ ಕೇಳಿದ್ದೇನೆ. ಇನ್ನು ಕೆಲವು ಯಂತ್ರಗಳ ಕೊರತೆ ವಿಚಿತ್ರವಾಗಿದೆ. ಗಾಳಿ ನೈಋತ್ಯದಿಂದ ಬಂದಾಗ ಅವು ಸರಿಯಾಗಿಯೇ ಇವೆ. ಚಳಿಗಾಲದಲ್ಲಿ ಪೂರ್ವದ ಕಡೆಯಿಂದ ಗಾಳಿ ತಿರುಗಿದಾಗ ಮಾತ್ರ ಇಳಿಯುತ್ತವೆ. ಅವುಗಳ ಪೂರ್ವಕ್ಕೆ ನಮ್ಮದೇ ಯಂತ್ರಗಳೂ ಇವೆ, ಬೇರೆ ಮಾಲೀಕರವೂ ಇವೆ. ಇದೇ ನೆರಳಿನ ಪ್ರಶ್ನೆಯೇ? ಆ ಸಂಸ್ಥೆಯವರು ಹೇಳಿದ ಓರೆ ನಿಲ್ಲಿಸುವ ವಿಧಾನ ಇಲ್ಲಿ ಉಪಯೋಗಕ್ಕೆ ಬರಬಹುದೇ?

ಗಾಳಿ ನೆರಳು, ರಾಯಚೂರು

ಹೌದು, ನೀವು ವರ್ಣಿಸಿದ ಲಕ್ಷಣ ನೆರಳಿನದೇ. ಮುಂದಿನ ಯಂತ್ರ ಗಾಳಿಯಿಂದ ಶಕ್ತಿಯನ್ನು ಹಿಂಡಿಕೊಂಡ ಮೇಲೆ ಅದರ ಹಿಂದೆ ನಿಧಾನವಾದ, ಕದಡಿದ ಗಾಳಿಯ ಒಂದು ಪಟ್ಟಿ ಹಲವು ರೋಟರ್ ವ್ಯಾಸಗಳಷ್ಟು ದೂರ ಸಾಗುತ್ತದೆ. ಕೊಪ್ಪಳದಲ್ಲಿ ಸಾಲುಗಳನ್ನು ಮುಂಗಾರು ಗಾಳಿಗೆ ಅಡ್ಡಲಾಗಿ ಹಾಕುವುದು ಸಹಜವಾದ್ದರಿಂದ ಆ ಋತುವಿನಲ್ಲಿ ನೆರಳು ಕಡಿಮೆ, ಹಿಂಗಾರಿನ ಕಡೆಯ ಗಾಳಿಯಲ್ಲಿ ಹೆಚ್ಚು. ರಾತ್ರಿ ನೆಲ ತಣ್ಣಗಾಗಿ ಗಾಳಿಯ ಪದರಗಳು ಒಂದರೊಳಗೊಂದು ಬೆರೆಯದೆ ಇರುವಾಗ ನೆರಳು ಇನ್ನೂ ದೂರ ಸಾಗುತ್ತದೆ. ಬಯಲುಸೀಮೆಯ ಚಳಿಗಾಲದ ರಾತ್ರಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ನಿಮ್ಮ ದಾಖಲೆಯನ್ನು ಹಗಲು–ರಾತ್ರಿ ಬೇರ್ಪಡಿಸಿ ನೋಡಿದರೆ ಕೊರತೆ ರಾತ್ರಿಯ ಕಡೆ ವಾಲಿರಬೇಕು.

ಮುಂದಿನ ಯಂತ್ರವನ್ನು ಬೇಕೆಂದೇ ಹದಿನೈದು–ಇಪ್ಪತ್ತು ಡಿಗ್ರಿ ಓರೆ ಮಾಡಿದರೆ ಅದರ ನೆರಳು ಪಕ್ಕಕ್ಕೆ ಸರಿಯುತ್ತದೆ. ಮುಂದಿನದು ಸ್ವಲ್ಪ ಕಳೆದುಕೊಳ್ಳುತ್ತದೆ, ಹಿಂದಿನದು ಅದಕ್ಕಿಂತ ಹೆಚ್ಚು ಗಳಿಸಿದರೆ ಒಟ್ಟಿನಲ್ಲಿ ಲಾಭ. ಕೆನಡಾದ ಆಲ್ಬರ್ಟಾದಲ್ಲಿ ಒಂದೇ ಸಾಲಿನ 6 ಯಂತ್ರಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗಾಳಿ ಸಾಲಿನ ಉದ್ದಕ್ಕೇ ಬೀಸುವಾಗ, ಆ ಜಾಗದ ಸರಾಸರಿ ಗಾಳಿವೇಗದ ಸುತ್ತಮುತ್ತ, ಶೇ. 7ರಿಂದ 13ರಷ್ಟು ಹೆಚ್ಚಳ ಕಂಡಿತು. ಈ ಅಂಕಿಯನ್ನು ಮಾರಾಟದ ಹಾಳೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಹಾಕುತ್ತಾರೆ, ‘ಗಾಳಿ ಸಾಲಿನ ಉದ್ದಕ್ಕೆ ಬೀಸುವಾಗ’ ಎಂಬ ಷರತ್ತನ್ನು ಬಿಡುತ್ತಾರೆ. ಆ ದಿಕ್ಕಿನ ಗಾಳಿ ವರ್ಷದಲ್ಲಿ ಕೆಲವೇ ಹೊತ್ತು ಇದ್ದರೆ ವಾರ್ಷಿಕ ಲಾಭ ಬಹಳ ತೆಳುವಾಗುತ್ತದೆ. ಇದಕ್ಕಿಂತ ನಮಗೆ ಹತ್ತಿರವಾದದ್ದು 2022ರಲ್ಲಿ ನೇಚರ್ ಎನರ್ಜಿ ಪತ್ರಿಕೆಯಲ್ಲಿ ಬಂದ ಕೆಲಸ. ಅದನ್ನು ನಡೆಸಿದ್ದು ಭಾರತದ ವಾಯವ್ಯ ಭಾಗದ ಒಂದು ಪವನ ವಿದ್ಯುತ್ ಘಟಕದಲ್ಲಿಯೇ. ಅಲ್ಲಿ ಗಾಳಿ 6ರಿಂದ 8 ಮೀಟರ್ ಇದ್ದಾಗ ಸುಮಾರು ಶೇ. 3, ಎಲ್ಲ ಗಾಳಿಯನ್ನೂ ಸೇರಿಸಿದಾಗ ಸುಮಾರು ಶೇ. 1.2ರಷ್ಟು ಹೆಚ್ಚಳ ಸಿಕ್ಕಿತು. ನೀವು ಮೇಲಿನವರಿಗೆ ಹೇಳಬೇಕಾದ ಪ್ರಮಾಣ ಇದು.

ನಿಮ್ಮ ವಿಷಯದಲ್ಲಿ ಒಂದು ಅಡ್ಡಿಯನ್ನು ಮುಚ್ಚಿಡಬಾರದು. ನೆರಳು ಬೀಳಿಸುವ ಯಂತ್ರ ಬೇರೆ ಮಾಲೀಕರದಾದರೆ ಅವರು ತಮ್ಮ ಯೂನಿಟ್‌ಗಳನ್ನು ಬಿಟ್ಟು ನಿಮಗೆ ಗಾಳಿ ಕೊಡುವ ಕಾರಣವೇ ಇಲ್ಲ. ನಮ್ಮ ಕಡೆ ರೈತರ ಹೊಲದಲ್ಲಿ ತುಂಡುತುಂಡಾಗಿ ಜಾಗ ಪಡೆದು ಯಂತ್ರ ನಿಲ್ಲಿಸಿರುವುದರಿಂದ ಎರಡು ಮೂರು ಮಾಲೀಕರ ಯಂತ್ರಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಆದ್ದರಿಂದ ಮುಂದಿನದೂ ಹಿಂದಿನದೂ ನಿಮ್ಮದೇ ಆಗಿರುವ ಜೋಡಿಗಳನ್ನು ಮಾತ್ರ ಗುರುತಿಸಿ, ಅವುಗಳ ನಡುವಿನ ದೂರವನ್ನೂ ಆ ದಿಕ್ಕಿನ ಗಾಳಿಯ ಗಂಟೆಗಳನ್ನೂ ಲೆಕ್ಕ ಹಾಕಿ. ಇನ್ನೊಂದು ಎಚ್ಚರಿಕೆ: ಓರೆ ನಿಂತ ಯಂತ್ರದ ರೆಕ್ಕೆಗಳ ಮೇಲೆ ಪ್ರತಿ ಸುತ್ತಿನಲ್ಲೂ ಭಾರ ಏರಿಳಿಯುತ್ತದೆ, ತಯಾರಕರ ಒಪ್ಪಿಗೆಯಿಲ್ಲದೆ ಮಾಡಿದರೆ ವಾರಂಟಿಗೆ ಧಕ್ಕೆ ಬರುತ್ತದೆ.

ಉಳಿದ ವಿಧಾನಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಗಾಳಿವೇಗವನ್ನು ಅಳೆದು ತುದಿವೇಗದ ಅನುಪಾತವನ್ನು ನೇರವಾಗಿ ಹಿಡಿಯುವ ಕ್ರಮ ಕಾಗದದ ಮೇಲೆ ಅಂದವಾಗಿದ್ದರೂ ನಸೆಲಿನ ಅನೆಮೊಮೀಟರನ್ನು (ಗಾಳಿವೇಗ ಅಳೆಯುವ ಸಾಧನವನ್ನು) ನಂಬಬೇಕಾಗುವುದರಿಂದ ದುರ್ಬಲ. ವೇಗವನ್ನು ಸ್ವಲ್ಪ ಬದಲಿಸಿ ಶಕ್ತಿ ಏರಿತೇ ಎಂದು ನೋಡುತ್ತಾ ಶಿಖರ ಹುಡುಕುವ ಕ್ರಮವನ್ನು ಕಾಲೇಜು ಪ್ರಾಜೆಕ್ಟುಗಳಲ್ಲಿ ಬಹಳ ಮಾಡುತ್ತಾರೆ. ಮನೆಯ ಮೇಲಿಡುವ ಚಿಕ್ಕ ಯಂತ್ರಕ್ಕೆ ಅದು ಹೊಂದುತ್ತದೆ, ನಿಮ್ಮಂಥ ದೊಡ್ಡ ರೋಟರಿಗೆ ಹೊಂದದು. ರೋಟರ್ ಉತ್ತರ ಕೊಡುವಷ್ಟರಲ್ಲಿ ಗಾಳಿಯೇ ಬದಲಾಗಿ, ಶಕ್ತಿ ಏರಿದ್ದು ನಮ್ಮಿಂದಲೋ ಗಾಳಿಯಿಂದಲೋ ತಿಳಿಯುವುದಿಲ್ಲ. ರೆಕ್ಕೆಗಳನ್ನು ಒಂದೊಂದಾಗಿ ಪಿಚ್ ಮಾಡುವ ವಿಧಾನ ಭಾರ ಇಳಿಸಲು ಬಹಳ ಒಳ್ಳೆಯದು, ಅದರಿಂದ ಯೂನಿಟ್ ಹೆಚ್ಚುತ್ತದೆ ಎಂದು ನಿರೀಕ್ಷಿಸಬೇಡಿ. ಯಂತ್ರ ಹೊರಡುವ ಗಾಳಿವೇಗವನ್ನು 3.5ರಿಂದ 3 ಮೀಟರಿಗೆ ಇಳಿಸುತ್ತೇವೆ ಎಂಬ ಮಾತಿಗೂ ಬೆಲೆ ಕಡಿಮೆ, ಅಷ್ಟು ಸಣ್ಣ ಗಾಳಿಯ ಘನದಲ್ಲಿ ಹಿಡಿಯುವಂಥದ್ದೇ ಇರುವುದಿಲ್ಲ. ಆದರೆ ಪೂರ್ಣ ಸಾಮರ್ಥ್ಯವನ್ನೇ ಸ್ವಲ್ಪ ಏರಿಸುವ ಪವರ್ ಬೂಸ್ಟ್ ಎಂಬುದನ್ನು ಅವರು ಪಟ್ಟಿಯಲ್ಲಿ ಸೇರಿಸಿದ್ದರೆ ಅದನ್ನು ಪ್ರತ್ಯೇಕವಾಗಿ ವಿಚಾರಿಸಿ. ಆಷಾಢ–ಶ್ರಾವಣದಲ್ಲಿ ಅದು ನಿಜವಾದ ಯೂನಿಟ್ ಕೊಡುತ್ತದೆ. ಅದರ ಜೊತೆಗೇ ಕನ್ವರ್ಟರ್, ಟ್ರಾನ್ಸ್‌ಫಾರ್ಮರ್‌ಗಳ ಬಿಸಿ, ಗೇರ್‌ಬಾಕ್ಸ್‌ನ ಭಾರ, ವಿದ್ಯುತ್ ಖರೀದಿ ಒಪ್ಪಂದದಲ್ಲಿ ಬರೆದ ಸಾಮರ್ಥ್ಯದ ಮಿತಿ, ಎಲ್ಲವೂ ಬರುತ್ತವೆ.

ನಿಯಂತ್ರಣ ಪಾಠ, ಬಳ್ಳಾರಿ

ಎರೆಸೀಮೆಯವರು ಮೊದಲ ಪತ್ರದಲ್ಲಿ ಕೇಳಿದ ಕೊನೆಯ ಪ್ರಶ್ನೆ, ಹೆಚ್ಚಾಯಿತು ಎಂಬುದನ್ನು ಪರೀಕ್ಷಿಸುವುದು ಹೇಗೆ ಎಂಬುದು, ಇನ್ನೂ ಹಾಗೆಯೇ ಉಳಿದಿದೆ. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಕಳೆದ ವರ್ಷದ ಉತ್ಪಾದನೆಗೂ ಈ ವರ್ಷದ ಉತ್ಪಾದನೆಗೂ ಹೋಲಿಸುವುದನ್ನು ಒಪ್ಪಬೇಡಿ. ಮುಂಗಾರು ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ, ಆ ವ್ಯತ್ಯಾಸದ ಮುಂದೆ ಶೇ. 1 ಅಥವಾ 2ರ ಲಾಭ ಕಾಣಿಸದೇ ಹೋಗುತ್ತದೆ, ಇಲ್ಲವೆ ಇಲ್ಲದ ಲಾಭ ಇದೆ ಎಂದು ಕಾಣುತ್ತದೆ. ಅದೇ ಯಂತ್ರದ ಅನೆಮೊಮೀಟರಿನಿಂದ ಬರೆದ ಹೊಸ ಪವರ್ ಕರ್ವನ್ನೂ ಒಪ್ಪಬೇಡಿ. ಇಲ್ಲಿ ಹಲವರು ಎಡವುತ್ತಾರೆ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಆ ಅನೆಮೊಮೀಟರ್ ರೋಟರಿನ ಹಿಂದಿದೆ. ಪಿಚ್, ಟಾರ್ಕ್ ಅಥವಾ ಮುಖದ ಕೋನ ಬದಲಾದಾಗ ರೋಟರಿನ ಹಿಂದಿನ ಗಾಳಿಯೂ ಬದಲಾಗುತ್ತದೆ. ರೋಟರ್ ಮೊದಲಿಗಿಂತ ಹೆಚ್ಚು ಹಿಂಡಿಕೊಂಡರೆ ಹಿಂದಿನ ಗಾಳಿ ನಿಧಾನವಾಗಿ, ಅಳತೆಯೂ ಕಡಿಮೆ ತೋರಿಸಿ, ಅದೇ ಉತ್ಪಾದನೆ ಈಗ ಕಡಿಮೆ ಗಾಳಿಯಲ್ಲಿ ಬಂತು ಎಂಬಂತೆ ಕರ್ವ್ ಎಡಕ್ಕೆ ಸರಿಯುತ್ತದೆ. ಲಾಭ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸರಿಯಾದ ಕ್ರಮವೆಂದರೆ ಹಳೆಯ ಮತ್ತು ಹೊಸ ಕಂಟ್ರೋಲನ್ನು ಅದೇ ಯಂತ್ರದಲ್ಲಿ ಸರದಿಯ ಮೇಲೆ ಓಡಿಸುವುದು. ಒಂದು ಗಂಟೆ ಹಳೆಯದು, ಮುಂದಿನ ಗಂಟೆ ಹೊಸದು, ಹೀಗೆ ತಿಂಗಳುಗಟ್ಟಲೆ. ಸರದಿ ಪ್ರತಿದಿನ ಅದೇ ಗಂಟೆಗೆ ಬಾರದಂತೆ ಅದನ್ನು ಬೆಸ–ಸಮ ದಿನಗಳಲ್ಲಿ ಹೊರಳಿಸಬೇಕು, ಇಲ್ಲವಾದರೆ ಹಗಲು–ರಾತ್ರಿಯ ವ್ಯತ್ಯಾಸ ಲೆಕ್ಕದೊಳಗೆ ನುಸುಳುತ್ತದೆ. ಪಕ್ಕದಲ್ಲಿ ನಿಂತ, ಏನನ್ನೂ ಬದಲಿಸದ, ಒಂದರ ನೆರಳಿನಲ್ಲಿ ಇನ್ನೊಂದು ಇಲ್ಲದ ನಿಮ್ಮದೇ ಯಂತ್ರವನ್ನು ಅಳತೆಗೋಲಾಗಿ ಇಟ್ಟುಕೊಂಡು, ಎರಡರ ಉತ್ಪಾದನೆಯ ಅನುಪಾತ ಹೊಸ ಕಂಟ್ರೋಲಿನ ಗಂಟೆಗಳಲ್ಲಿ ಎಷ್ಟು, ಹಳೆಯದರ ಗಂಟೆಗಳಲ್ಲಿ ಎಷ್ಟು ಎಂದು ನೋಡಬೇಕು. ಸರದಿ ಬದಲಾದ ಕೂಡಲೇ ಬರುವ ಮೊದಲ 10 ನಿಮಿಷಗಳ ದಾಖಲೆಯನ್ನು ಬಿಡಿ. ಗ್ರಿಡ್‌ನವರ ಸೂಚನೆಯಂತೆ ಉತ್ಪಾದನೆ ಇಳಿಸಿದ ಹೊತ್ತು, ಬಿಸಿಯಿಂದ ಯಂತ್ರ ತಾನೇ ಇಳಿಸಿಕೊಂಡ ಹೊತ್ತು, ದುರಸ್ತಿಯ ಹೊತ್ತು, ಇವನ್ನೂ ಎರಡೂ ಕಡೆಯಿಂದ ತೆಗೆಯಿರಿ. ಪೂರ್ಣ ಸಾಮರ್ಥ್ಯದ ಮೇಲಿನ ಗಂಟೆಗಳನ್ನು ಬೇರೆಯಾಗಿಯೇ ಇಡಿ. ಎರಡನೇ ವಲಯದ ಲಾಭವನ್ನು ಅವು ಮಸುಕಾಗಿಸುತ್ತವೆ.

ಈ ಪರೀಕ್ಷೆಯ ಕ್ರಮವನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕಾಗದದ ಮೇಲೆ ಬರೆಸಿ, ಯಾವ ಗಾಳಿವೇಗದ ಯಾವ ಗಂಟೆಗಳನ್ನು ಎಣಿಸುತ್ತೇವೆ ಎಂಬುದನ್ನೂ ಅದರಲ್ಲಿ ಸೇರಿಸಿ. ನಿಮ್ಮಲ್ಲಿಗೆ ಬಂದಿದ್ದ ಸಂಸ್ಥೆಯವರ ವಿಧಾನ ಗಟ್ಟಿಯಾಗಿದ್ದರೆ ಅವರು ಇದಕ್ಕೆ ಹಿಂಜರಿಯುವುದಿಲ್ಲ. ಮತ್ತು ಕುಷ್ಟಗಿಯವರು ಹೇಳಿದ ವೇನ್ ಹಾಗೂ ಪಿಚ್‌ನ ಸೊನ್ನೆಯನ್ನು ಈ ಪರೀಕ್ಷೆ ಆರಂಭವಾಗುವ ಮುಂಚೆಯೇ ನೀವೇ ತಿದ್ದಿಕೊಂಡುಬಿಡಿ. ಆ ತಿದ್ದುಪಡಿಯಿಂದ ಬರುವ ಯೂನಿಟ್‌ಗಳು ಹೊಸ ಸಾಫ್ಟ್‌ವೇರ್‌ನ ಲೆಕ್ಕಕ್ಕೆ ಹೋಗಬಾರದು.

ನಸೆಲ್ ನೋಟ, ಕುಷ್ಟಗಿ

ಒಂದು ಸಣ್ಣ ಸೇರ್ಪಡೆ. ವೇನ್ ತಿದ್ದುವ ದಿನ ಹಳೆಯ ಆಫ್‌ಸೆಟ್ ಬೆಲೆಯನ್ನೂ ಹೊಸದನ್ನೂ, ದಿನಾಂಕ ಮತ್ತು ಗಂಟೆಯ ಸಮೇತ ಲಾಗ್ ಪುಸ್ತಕದಲ್ಲಿ ಬರೆಯಿರಿ, ವೇನ್‌ನ ಬುಡದ ಚಿತ್ರವನ್ನೂ ತೆಗೆದಿಡಿ. ಕಂಟ್ರೋಲರ್‌ಗೆ ಹೊಸ ಸಾಫ್ಟ್‌ವೇರ್ ಹಾಕುವಾಗ ಈ ಬೆಲೆಗಳು ಕಾರ್ಖಾನೆಯ ಸೊನ್ನೆಗೆ ಮರಳುವುದುಂಟು. ಹಾಗಾದರೆ ತಿದ್ದಿದ ಓರೆ ಯಾರಿಗೂ ತಿಳಿಯದಂತೆ ಮತ್ತೆ ಬರುತ್ತದೆ, ಪರೀಕ್ಷೆಯ ಫಲಿತಾಂಶವೂ ಕೆಡುತ್ತದೆ. ಗೋಪುರ ಹತ್ತುವುದನ್ನು ಬೆಳಿಗ್ಗೆ ಗಾಳಿ ಏಳುವ ಮುಂಚೆ ಇಟ್ಟುಕೊಳ್ಳಿ, ರೋಟರ್ ಲಾಕ್ ಹಾಕದೆ ಹಬ್‌ನೊಳಗೆ ಇಳಿಯಬೇಡಿ.